ಮಂಜು, ಹೊಗೆ ಮತ್ತು ಹೆಣ್ಣು ನೋಡುವ ಶಾಸ್ತ್ರ

ನಾನು ಸೀನುವುದಕ್ಕೂ ಹೊತ್ತುಗೊತ್ತು ಇಟ್ಟುಕೊಂಡವನು. ಬೆಳಿಗ್ಗೆ ಐದಕ್ಕೆ ಎದ್ದು ತಣ್ಣೀರು ಮುಟ್ಟಿದಾಗ ಎರಡು, ನಶ್ಯ ಏರಿಸಿದಾಗ ಒಂದು. ಅಷ್ಟೇ. ನಾಲ್ಕನೆಯದು ಬಂದರೆ ಅದು ನನ್ನದಲ್ಲ, ಹೊರಗಿನಿಂದ ಬಂದದ್ದು ಎಂದು ತಿಳಿದು ಎಚ್ಚರವಾಗುತ್ತೇನೆ.

ಹೊರಗಿನಿಂದ ಎಂದರೆ ಎಲ್ಲಿಂದ? ಎರಡನೇ ಮಹಾಯುದ್ಧದ ಕಾಲದಲ್ಲಿ ಹೊಳೆನರಸೀಪುರದಲ್ಲಿ ಮೇಷ್ಟರಾಗಿದ್ದಾಗ ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಆ ಮಾಗಿಯಲ್ಲಿ ಫ್ಲೂ ಜ್ವರ ಬೀದಿ ಬೀದಿ ಸುತ್ತುತ್ತಿತ್ತು. ಅರಕಲಗೂಡಿನಿಂದ ಬಂತೆಂದು ನಮ್ಮವ್ವ, ಹಾಸನದಿಂದ ಬಂತೆಂದು ಪಕ್ಕದ ಮನೆಯವರು. ಅರಕಲಗೂಡಿನವರು ಖಂಡಿತ ನಮ್ಮೂರ ಹೆಸರು ಹೇಳುತ್ತಿದ್ದಿರಬೇಕು. ಜ್ವರಕ್ಕೆ ಸ್ವಂತ ಊರೆಂಬುದು ಎಂದೂ ಇದ್ದಂತಿಲ್ಲ.

ನಾನು ಮಾತ್ರ ಹವೆಯದೇ ತಪ್ಪೆಂದು ಹಿಡಿದೆ. ಮಾಗಿಯ ಬೆಳಗಿನಲ್ಲಿ ಹೇಮಾವತಿ ಹೊಳೆಯ ಮಂಜು ಊರ ಮೇಲೆ ಮುಚ್ಚಳದಂತೆ ಕೂರುತ್ತದೆ. ಹಸಿ ಸೌದೆಯ ಹೊಗೆ ಮೇಲೇಳಲಾರದೆ ಬೀದಿಯಲ್ಲೇ ಉಳಿಯುತ್ತದೆ. ಸಾಲದ್ದಕ್ಕೆ ಆಗ ಪೆಟ್ರೋಲು ಸಿಗದೆ, ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಲ್ಲಿ ಓಡಾಡುವ ಬಸ್ಸುಗಳು ಬೇರೆ. ಹಾಸನದ ಡಾಕ್ಟರೊಬ್ಬರು ನನಗೆ ವಿವರಿಸಿದ್ದರು: ಚಳಿಯಲ್ಲಿ ಜ್ವರದ ಕ್ರಿಮಿ ಹೆಚ್ಚು ಹೊತ್ತು ಬದುಕುತ್ತದೆ, ಜನ ಕಿಟಕಿ ಮುಚ್ಚಿಕೊಂಡು ಒತ್ತಾಗಿ ಕೂರುತ್ತಾರೆ, ಹೊಗೆ ಗಂಟಲನ್ನು ಕೆರೆದು ಕ್ರಿಮಿಗೆ ದಾರಿ ಮಾಡಿಕೊಡುತ್ತದೆ. ನಾನು ಮೊದಲ ಮಾತನ್ನು ಮಾತ್ರ ಪೂರ್ತಿ ಕೇಳಿಸಿಕೊಂಡೆ. ಮೇಷ್ಟರುಗಳಿಗೆ ಇದು ಸಹಜ. ಬೇರೆಯವರು ಪಾಠ ಹೇಳುವಾಗ ನಮಗೆ ಗಮನ ನಿಲ್ಲುವುದಿಲ್ಲ.

ಹೊಗೆಯ ವಿಷಯದಲ್ಲಿ ಅವ್ವನ ಶಾಸ್ತ್ರವೇ ನನ್ನ ಶಾಸ್ತ್ರ. ಬೇವಿನ ಸೊಪ್ಪು, ಸಾಂಬ್ರಾಣಿ ಹಾಕಿದರೆ ಯಾವ ಜ್ವರವೂ ಹೊಸ್ತಿಲು ದಾಟದು. ಹೊರಗಿನ ಹೊಗೆ ವಿಷ, ಒಳಗಿನ ಹೊಗೆ ಔಷಧ. ನಡುವೆ ಇರುವುದು ಕಿಟಕಿ. ಅದನ್ನು ಹತ್ತೂವರೆಗೆ ಮುಂಚೆ ಯಾರೂ ತೆರೆಯಕೂಡದೆಂದು ಕಟ್ಟುನಿಟ್ಟು ಮಾಡಿದೆ.

ಇಂಥ ಹೊತ್ತಿನಲ್ಲಿ ನನ್ನ ತಂಗಿ ಪಾರ್ವತಿಯನ್ನು ನೋಡಲು ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರು ಮಗನೊಂದಿಗೆ ಬರುವುದಾಯಿತು. ಜ್ವರದ ಭಯದಿಂದ ನಾನು ಅದನ್ನು ಎರಡು ಸಲ ಮುಂದಕ್ಕೆ ಹಾಕಿದ್ದೆ. ಮೂರನೆಯ ಸಲವೂ ತಪ್ಪಿದರೆ ಬೇರೆ ಕಡೆ ನೋಡುತ್ತೇವೆಂದು ಅವರು ಹೇಳಿಕಳಿಸಿದ್ದರು. ಪಾರ್ವತಿಗೆ ಆ ಹುಡುಗನೇ ಬೇಕಿತ್ತು; ನೆಂಟರ ಮದುವೆಯೊಂದರಲ್ಲಿ ಅವನು ಬಡಿಸುವುದನ್ನು ನೋಡಿದ್ದಳಂತೆ. ಬಾಯಿಬಿಟ್ಟು ಹೇಳಲಿಲ್ಲ. ಆದರೆ ನಾನು ಎರಡನೆಯ ಸಲ ಮುಂದೂಡಿದ ದಿನ ನನ್ನ ಸಾರಿಗೆ ಉಪ್ಪು ಬೀಳಲಿಲ್ಲ.

ಆ ದಿನ ಏಳಕ್ಕೇ ನಡುಮನೆಯಲ್ಲಿ ಅಗ್ಗಿಷ್ಟಿಕೆ ಇಟ್ಟು, ಪಕ್ಕದಲ್ಲಿ ಕೂತು, ಬೇವು ಸಾಂಬ್ರಾಣಿ ಹಾಕುತ್ತಲೇ ಇದ್ದೆ. ಒಂಬತ್ತಕ್ಕೆ ಅವರು ಬಂದರು. ಅವರ ಇದ್ದಿಲಿನ ಬಸ್ಸು ಏರಿನಲ್ಲಿ ನಿಂತುಬಿಟ್ಟಿದ್ದರಿಂದ ತಂದೆ ಮಗ ಇಬ್ಬರೂ ಹಿಂದಿನಿಂದ ನೂಕಿದ್ದರು. ಮುಖದ ಮಸಿಯಲ್ಲಿ ವಿಭೂತಿಯನ್ನು ಹುಡುಕಬೇಕಿತ್ತು. ರುದ್ರಪ್ಪನವರು ಹೊಸ್ತಿಲಲ್ಲೇ ಕೆಮ್ಮಿದರು. ನಾನು ತಡಮಾಡದೆ ಸ್ಕೂಲಿನ ಅಳತೆಗೋಲು ತಂದು, ನಮ್ಮ ಚಾಪೆಯಿಂದ ಎರಡು ಮಾರು ಅಳೆದು, ಅವರ ಚಾಪೆ ಹಾಸಿದೆ.

"ಏನ್ ಮೇಷ್ಟ್ರೇ, ಎಣ್ಣು ತೋರಿಸ್ತೀರೋ, ಪರೀಕ್ಷೆಗೆ ಕೂರಿಸ್ತೀರೋ?" ಎಂದರು ರುದ್ರಪ್ಪನವರು.

ಕೂತ ಮೇಲೆ ಕೆಮ್ಮು ನಮ್ಮ ಚಾಪೆಗೂ ಹಬ್ಬಿತು. ಮಾತು ಆರಂಭಿಸಿದವರು ಮುಗಿಸಲಾರರು. ಇವರಿಗೆ ಜ್ವರವಿದೆ ಎಂದು ನಾನು ಅವ್ವನಿಗೆ ಸನ್ನೆ ಮಾಡಿದೆ. ಈ ಮನೆಯವರಿಗೆಲ್ಲ ಎದೆಯ ರೋಗವಿದೆ ಎಂದು ಅವರು ಮಗನಿಗೆ ಸನ್ನೆ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು. ಆ ಹೊಗೆಯಲ್ಲಿ ಎರಡು ಸನ್ನೆಗಳೂ ತಲುಪಲಿಲ್ಲ.

ಅಷ್ಟರಲ್ಲಿ ಪಾರ್ವತಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಎರಡು ಕಣ್ಣಲ್ಲೂ ನೀರು ಧಾರೆಯಾಗಿ ಸುರಿಯುತ್ತಿತ್ತು. ರುದ್ರಪ್ಪನವರು ಎದ್ದೇಬಿಟ್ಟರು.

"ಬತ್ತೀವಿ ಮೇಷ್ಟ್ರೇ. ಉಡುಗಿಗೆ ಮೈ ಉಸಾರಿಲ್ಲ. ನಿಮ್ಮನೆಗಿಂತ ಆ ಬಸ್ಸೇ ವಾಸಿ ಕಣ್ರೀ, ಅದ್ರಲ್ಲಿ ಒಗೆ ಒಂದೇ ಕಡೆಯಿಂದ ಬತ್ತಿತ್ತು."

ಪಾರ್ವತಿ ತಟ್ಟೆ ಕೆಳಗಿಟ್ಟಳು. ನನ್ನ ಕಡೆ ನೋಡಲೂ ಇಲ್ಲ. ಒದ್ದೆ ಬಟ್ಟೆಯಲ್ಲಿ ಅಗ್ಗಿಷ್ಟಿಕೆ ಹಿಡಿದು ಕೆಂಡವನ್ನು ಹಿತ್ತಲಿಗೆ ಸುರಿದು ಬಂದು, ಮೂರು ಕಿಟಕಿಗಳನ್ನೂ ತೆರೆದಳು. ಗಂಟೆ ಇನ್ನೂ ಒಂಬತ್ತೂ ಇಪ್ಪತ್ತು.

"ನಂಗೇನೂ ಆಗಿಲ್ಲ, ಕೂತ್ಕೊಳಿ ಮಾವ," ಎಂದಳು. "ಅಣ್ಣಯ್ಯ ಆಮೇಲೆ ಬೈಲಿ. ಮೊದ್ಲು ಎಲ್ರೂ ಉಸ್ರಾಡಣ."

ತಾಂಬೂಲಕ್ಕೂ ಮುಂಚೆ ಮಾವ ಎಂದದ್ದು ಅವಸರಕ್ಕೋ ಧೈರ್ಯಕ್ಕೋ ನಾನು ಇವತ್ತಿಗೂ ಕೇಳಿಲ್ಲ. ಮಂಜು ಆಗಲೇ ಕರಗಿತ್ತು. ಬಿಸಿಲು ಒಳಗೆ ಬಿತ್ತು, ಕೆಮ್ಮು ನಿಂತಿತು, ಒಬ್ಬರ ಮುಖ ಒಬ್ಬರಿಗೆ ಕಂಡಿತು. ಹುಡುಗನ ಮಸಿಯ ಕೆನ್ನೆಯ ಮೇಲೆ ಕಣ್ಣೀರು ಎರಡು ಕಾಲುವೆ ತೋಡಿತ್ತು. ಪಾರ್ವತಿ ನಕ್ಕಳು. ಅವಳು ನಕ್ಕದ್ದಕ್ಕೆ ಅವನೂ ನಕ್ಕ.

ರುದ್ರಪ್ಪನವರು ಮತ್ತೆ ಕೂತರು. "ನಮ್ಮನೇಲೂ ಕೊಬ್ರಿ ಅಟ್ಟಕ್ಕೆ ಒಗೆ ಆಕ್ತೀವಿ ಕಣವ್ವ. ಕಿಟ್ಕಿ ಯಾವಾಗ ತೆಗೀಬೇಕು ಅಂತ ಒಬ್ರಿಗೂ ತಿಳಿಯಲ್ಲ. ಈ ಉಡುಗಿ ನಮಗಿರ್ಲಿ," ಎಂದು ಅವ್ವನಿಗೆ ಹೇಳಿ, ಉಪ್ಪಿಟ್ಟಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಜ್ವರ ಬಂದದ್ದು ನಿಜ. ಎರಡು ದಿನದ ಮೇಲೆ, ನನಗೊಬ್ಬನಿಗೇ. ಡಾಕ್ಟರು ಹೇಳಿದ್ದ ಉಳಿದೆರಡು ಮಾತುಗಳು ಆಗ ಸ್ಪಷ್ಟವಾಗಿ ನೆನಪಾದವು. ಆ ವಾರದ ಕೊನೆಯಲ್ಲಿ ನಡೆದ ನಿಶ್ಚಿತಾರ್ಥಕ್ಕೂ ಏಳಲಾಗದೆ, ಕೋಣೆಯಲ್ಲಿ ಮಲಗಿ ಕಿವಿಗೊಟ್ಟೆ. ನಾನು ಸೂಚನೆ ಕೊಡದೆ ಎಲೆ ಹಾಕಿದರು. ನಾನು ಗಂಟೆ ಹೇಳದೆ ತಾಂಬೂಲ ಬದಲಾಯಿಸಿಕೊಂಡರು. ಒಂದೂ ತಪ್ಪಲಿಲ್ಲ. ಶಿಸ್ತಿನ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಕಾಯಿಲೆ ಇಲ್ಲ. ಫ್ಲೂ ಒಂದು ವಾರಕ್ಕೆ ಬಿಟ್ಟಿತು. ಇದು ಬಿಡಲು ಕೆಲವು ವರ್ಷಗಳೇ ಹಿಡಿದವು.