ಅಜ್ಜ ಆರಿಸಿ ತೆಗೆದ ಕೆಂಪು ಬೇರು

ಡಬ್ಲಿನ್ ಸುತ್ತಮುತ್ತ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸು ನಾನು. ಒಂದು ಮನೆಯಲ್ಲಿ ಮರೆವಿನ ಕಾಯಿಲೆಯ ಚೀನೀ ಅಜ್ಜ ಇದ್ದರು. ಸ್ವಂತ ಮಗಳ ಹೆಸರೂ ಅವರಿಗೆ ನೆನಪಿರಲಿಲ್ಲ. ಅವತ್ತು ನಾನು ಹೋದಾಗ ಮಗಳು, ನೆನಪಿನ ಶಕ್ತಿಗೆಂದು ಯಾರೋ ಕೊಟ್ಟ ಬೇರುಗಳ ಕಷಾಯಕ್ಕೆ ನೀರಿಟ್ಟಿದ್ದಳು.

“ಇದರಲ್ಲಿ ಏನಿದೆ ಅಂತ ಗೊತ್ತಾಗದೆ ಕುಡಿಸೋ ಹಾಗಿಲ್ಲ. ಅವರು ರಕ್ತ ಹೆಪ್ಪುಗಟ್ಟದೆ ಇರೋ ಮಾತ್ರೆ ತಗೋತಿದ್ದಾರೆ,” ಎಂದೆ.

“ಬರೀ ಬೇರು ತಾನೆ? ಅಪ್ಪ ತಮ್ಮ ಗಿಡಮೂಲಿಕೆ ಅಂಗಡೀಲಿ ಇದನ್ನೇ ಮಾರ್ತಿದ್ದಿದ್ದು.”

“ಹಾಗಾದ್ರೆ ಅವರನ್ನೇ ಕೇಳೋಣ.”

ಬೇರಿನ ಪೊಟ್ಟಣವನ್ನು ತಟ್ಟೆಗೆ ಸುರಿದು ಅಜ್ಜನ ಮುಂದಿಟ್ಟೆ. ಮಗಳು ಮಾತ್ರೆಯ ಹೆಸರು ಹೇಳಿದಳು. ಅಜ್ಜ ಒಂದೊಂದನ್ನೇ ಮೂಸಿ ನೋಡಿ, ಕೆಂಪು ಬೇರಿನ ಚೂರುಗಳನ್ನೆಲ್ಲ ಆರಿಸಿ ಪಕ್ಕಕ್ಕಿಟ್ಟು, ತಮ್ಮ ಭಾಷೆಯಲ್ಲಿ ಗದರಿದರು.

“ಆ ಮಾತ್ರೆ ತಗೊಳ್ಳೋರಿಗೆ ಇದು ಅಪಾಯವಂತೆ,” ಎಂದಳು ಮಗಳು ಮೆಲ್ಲಗೆ. “ರೋಗಿ ಯಾರು ಅಂತ ಕೇಳ್ತಿದ್ದಾರೆ.”

“‘ರೋಗಿ ನೀವೇ’ ಅಂತ ಅವರಿಗೆ ಹೇಳಿ,” ಎಂದೆ.

ಅಜ್ಜ ನಕ್ಕುಬಿಟ್ಟರು. ಮಗಳು ಒಲೆ ಆರಿಸಿದಳು. ಫೋನಿನಲ್ಲಿ ಡಾಕ್ಟರೂ ಕಷಾಯ ಬೇಡವೆಂದರು.

ವರದಿಯಲ್ಲಿ ‘ಅಪಾಯ ಗುರುತಿಸಿದವರು’ ಎಂಬಲ್ಲಿ ‘ರೋಗಿ’ ಎಂದು ಬರೆದೆ. ತಪ್ಪಾಗಿದೆ, ತಿದ್ದಿ ಎಂದು ಆಫೀಸಿನವರು ಎರಡು ಸಲ ವಾಪಸು ಕಳಿಸಿದ್ದಾರೆ. ನಾನಂತೂ ತಿದ್ದುವುದಿಲ್ಲ.