ಅಕ್ಕನ ದೋಣಿಗೆ ಜೋಡಿ ಎಂಜಿನ್

ಆ ವರ್ಷ ಕಾಫಿ ಕೊಯ್ಲು ಶುರುವಾದಾಗ ನಮ್ಮ ಕಣದ ಅರ್ಧ ಭಾಗದಲ್ಲಿ ಒಂದು ದೋಣಿ ಕೂತಿತ್ತು. ಹಣ್ಣು ಹರಡಲು ಜಾಗ ಸಾಲದೆ ನಾನು ಟಾರ್ಪಾಲನ್ನು ಅಂಗಳದಲ್ಲಿ, ಕೊಟ್ಟಿಗೆಯ ಮುಂದೆ, ಕೊನೆಗೆ ಗೇಟಿನವರೆಗಿನ ದಾರಿಯಲ್ಲೂ ಹಾಸಬೇಕಾಯಿತು. ದೋಣಿ ಎಂದರೆ ನಮ್ಮ ಕಡೆಯವರ ಕಣ್ಮುಂದೆ ಬರುವಂಥದ್ದೂ ಅಲ್ಲ. ಎರಡು ಉದ್ದನೆಯ ಫೈಬರ್ ದೋಣಿಗಳನ್ನು ಅಕ್ಕಪಕ್ಕ ಇಟ್ಟು, ಮೇಲೆ ಅಗಲವಾದ ಹಲಗೆ ಬಡಿದು ಒಂದು ಮಾಡಿದ ಹಾಗಿತ್ತು. ಇದಕ್ಕೆ ಕ್ಯಾಟಮರಾನ್ ಅನ್ನುತ್ತಾರೆ ಎಂದು ನನ್ನ ಗಂಡ ಬಂದವರಿಗೆಲ್ಲ ವಿವರಿಸುತ್ತಿದ್ದರು. ಎಂಜಿನ್ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಅದನ್ನೇ ನೋಡ್ತಾ ಇದೀನಿ" ಎನ್ನುವ ಉತ್ತರ. ಆ ನೋಡುವ ಕೆಲಸ ಮುಗಿಯುವಷ್ಟರಲ್ಲಿ ನನ್ನ ತಾಳ್ಮೆ ಪೂರ್ತಿ ಸವೆದುಹೋಗಿತ್ತು.

ದೋಣಿ ಬಂದದ್ದು ನನ್ನ ಅಕ್ಕನಿಗಾಗಿ. ನಮ್ಮ ತೋಟ ಇರುವುದು ಆಲೂರು ಕಡೆ, ಹೇಮಾವತಿ ಹಿನ್ನೀರಿನ ಅಂಚಿನಲ್ಲಿ. ಅಕ್ಕನ ಮನೆ ಎದುರು ದಡದಲ್ಲಿ. ನಮ್ಮ ಕಣದಲ್ಲಿ ನಿಂತರೆ ಅವಳ ಮನೆಯ ತಗಡಿನ ಮಾಡು ಬಿಸಿಲಿಗೆ ಹೊಳೆಯುವುದು ಕಾಣುತ್ತದೆ. ಆದರೆ ರಸ್ತೆಯಲ್ಲಿ ಹೋಗಬೇಕೆಂದರೆ ನೀರನ್ನೆಲ್ಲ ಬಳಸಿಕೊಂಡು ಅರ್ಧ ದಿನದ ಸುತ್ತು. ಕೆಲವು ವರ್ಷಗಳ ಹಿಂದೆ ಘಾಟಿಯಲ್ಲಿ ಜೀಪು ಮಗುಚಿ ಅಕ್ಕನ ಬೆನ್ನುಮೂಳೆಗೆ ಪೆಟ್ಟಾಯಿತು. ಆಮೇಲೆ ಅವಳಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಗಾಲಿಕುರ್ಚಿಯಲ್ಲೇ ಕೂತು ಅಡುಗೆ ಮಾಡುತ್ತಾಳೆ, ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಾಳೆ, ಭಾವನ ಮೇಲೆ ರೇಗಾಡುತ್ತಾಳೆ. ಆದರೆ ಗುಂಡಿಬಿದ್ದ ರಸ್ತೆಯಲ್ಲಿ ಕಾರಿನಲ್ಲಿ ಕೂತು ಬಂದರೆ ಒಂದು ವಾರ ಬೆನ್ನುನೋವಿನಿಂದ ಮೇಲೇಳುವುದಿಲ್ಲ. ಹಾಗಾಗಿ ಅವಳು ನಮ್ಮ ಮನೆಗೆ ಬರುವುದೇ ನಿಂತುಹೋಗಿತ್ತು.

ಬಾಗಿಲು ಹಾಕಿದ ರೆಸಾರ್ಟ್ ಒಂದು ತನ್ನ ಸಾಮಾನುಗಳನ್ನು ಮಾರುತ್ತಿದೆ ಎಂದು ತಿಳಿದು ನನ್ನ ಗಂಡ ಈ ದೋಣಿಯನ್ನು ಕೊಂಡು ಲಾರಿಯಲ್ಲಿ ಹೇರಿಸಿಕೊಂಡು ಬಂದರು. ಅದರ ಅಗಲ ನೋಡಿ ನನಗೂ ಖುಷಿಯಾಯಿತು. ಕುರ್ಚಿಯನ್ನು ಹಾಗೇ ಹಲಗೆಯ ಮೇಲೆ ತಳ್ಳಿಕೊಂಡು ಹೋಗಬಹುದು, ಅತ್ತಿತ್ತ ವಾಲುವುದಿಲ್ಲ. ಓಡಾಟಕ್ಕೆ ಬೇಕಾದ ಅನುಮತಿಯೂ ಸಿಕ್ಕಿತು. ಉಳಿದದ್ದು ಎಂಜಿನ್ ಒಂದೇ ಎಂದುಕೊಂಡೆ. ಒಂದಲ್ಲ, ಎರಡು. ಎರಡು ಹೊಟ್ಟೆಯ ದೋಣಿಗೆ ಎರಡೂ ಹಿಂಬದಿಯಲ್ಲಿ ಒಂದೊಂದು ಎಂಜಿನ್ ತೂಗುಹಾಕಬೇಕಂತೆ.

ಅಲ್ಲಿಂದ ಶುರುವಾಯಿತು. ಊಟಕ್ಕೆ ಕೂತರೆ ಎಂಜಿನ್, ಕರಿಮೆಣಸಿನ ಬಳ್ಳಿ ಕಟ್ಟುವಾಗ ಎಂಜಿನ್. ಟೂ ಸ್ಟ್ರೋಕ್ ಹಗುರ, ಆದರೆ ಹೊಗೆ. ಫೋರ್ ಸ್ಟ್ರೋಕ್ ಸದ್ದು ಕಮ್ಮಿ, ಆದರೆ ಭಾರ, ಹಿಂಬದಿ ಮುಳುಗಿದರೆ ಏನು ಮಾಡುವುದು? ಹತ್ತು ಎಚ್‌ಪಿ ಸಾಕೆಂದು ಬೆಳಿಗ್ಗೆ ತೀರ್ಮಾನವಾದರೆ ಸಂಜೆಗೆ ಅದು ಇಪ್ಪತ್ತೈದಾಗಿರುತ್ತಿತ್ತು. ಮೊಬೈಲಿನಲ್ಲಿ ಯಾವುದೋ ದೇಶದ ಬೋಳುತಲೆಯ ಮನುಷ್ಯ ಸಮುದ್ರದಲ್ಲಿ ನೀರು ಚಿಮ್ಮಿಸಿಕೊಂಡು ಹೋಗುವುದನ್ನು ನೋಡಿ ಇವರ ಮನಸ್ಸು ಬದಲಾಗುತ್ತಿತ್ತು.

"ಅಕ್ಕನ್ನ ಈ ಕಡೆ ದಡಕ್ಕೆ ಕರ್ಕೊಂಡು ಬರೋಕೆ ಇಷ್ಟೊಂದು ಬೇಕೇನ್ರೀ?" ಎಂದೆ ಒಂದು ದಿನ.

"ಗಾಳಿ ಎದ್ರೆ ಏನ್ ಮಾಡ್ತೀಯ? ನಡೂ ನೀರಲ್ಲಿ ಎಳೀದೆ ನಿಂತ್ಬುಟ್ರೆ?"

"ಈಗ ಕಣದಲ್ಲಿ ನಿಂತೈತಲ್ಲ, ಅದಕ್ಕೇನ್ ಮಾಡ್ಲಿ?"

ಅವರು ಮೊಬೈಲು ತೆಗೆದುಕೊಂಡು ದೋಣಿಯ ಹತ್ತಿರ ಹೋದರು. ಹೊಂಗಡಹಳ್ಳದಿಂದ ಇವರ ಅಣ್ಣ ಬಂದಾಗ ಮಾತು ಇನ್ನಷ್ಟು ಕೆಟ್ಟಿತು. ಅವರದು ಯಾವತ್ತೂ ಒಂದೇ ಔಷಧಿ. "ಲೋ, ಅಷ್ಟೆಲ್ಲ ಯಾಕೋ? ನಮ್ಮ ಸ್ಟೋರ್‌ನಾಗೆ ಹಳೇ ಪಂಪ್‌ಸೆಟ್ ಎಂಜಿನ್ ಬಿದ್ದೈತೆ. ಉದ್ದಕ್ಕೊಂದು ರಾಡ್ ಹಾಕಿ ತುದೀಗೆ ನೀರು ತಳ್ಳೋ ಫ್ಯಾನ್ ಸಿಗ್ಸು, ಹೋಗ್ತದೆ ಕಣೋ." ಅಣ್ಣತಮ್ಮಂದಿರಿಬ್ಬರೂ ಪಂಪ್‌ಸೆಟ್ ಎಂಜಿನ್ನಿನ ವಿಷಯದಲ್ಲೇ ಒಂದು ಇಡೀ ಭಾನುವಾರ ಕಳೆದರು. ನಾನು ಅವರಿಗೆ ಕಾಫಿ ಮಾಡಿಕೊಟ್ಟು, ಹಣ್ಣು ಕೆದಕಲು ಒಬ್ಬಳೇ ಗೇಟಿನ ಹತ್ತಿರ ಹೋದೆ.

ಕೊಯ್ಲು ಒಂದು ಹದಕ್ಕೆ ಬಂದ ಮೇಲೆ, ಕೂತು ಮಾತಾಡಿದ್ದು ಸಾಕು ಎಂದು ನಾನೇ ಹಟ ಹಿಡಿದು ಇವರನ್ನು ಮಂಗಳೂರಿಗೆ ಹೊರಡಿಸಿದೆ. ಜೊತೆಗೆ ನಾನೂ ಹೋದೆ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಎಂಜಿನ್ನುಗಳನ್ನು ನೋಡಿ ಇವರ ಮುಖ ಅರಳಿತು. ಒಂದೊಂದನ್ನೂ ತಟ್ಟಿ, ಬಗ್ಗಿ ನೋಡಿ, ಕೊನೆಗೆ ಒಂದರ ಮುಂದೆ ನಿಂತು "ಇಂಥವು ಎರಡು" ಎಂದರು. ನನಗೆ ದೇವರ ದಯೆ ಎನಿಸಿತು.

ಅಂಗಡಿಯವರು ಕೇಳಿದರು, "ಶಾರ್ಟ್ ಶಾಫ್ಟಾ, ಲಾಂಗ್ ಶಾಫ್ಟಾ ಸರ್?"

"ಅಂದ್ರೆ?" ಎಂದರು ಇವರು.

"ನಿಮ್ಮ ದೋಣಿಯ ಹಿಂದಿನ ಹಲಗೆ ಎಷ್ಟು ಎತ್ತರ ಉಂಟು? ಎಂಜಿನ್‌ನ ಕಾಲು ಅದಕ್ಕೆ ಸರಿ ಬೇಕಲ್ಲ? ಗಿಡ್ಡ ಆದ್ರೆ ಫ್ಯಾನ್ ನೀರು ಹಿಡಿಯುದಿಲ್ಲ, ಗಾಳಿ ಎಳೀತದೆ."

ಹಲಗೆಯ ಎತ್ತರವನ್ನು ಇವರು ಅಳೆದೇ ಇರಲಿಲ್ಲ. ಇಷ್ಟು ತಿಂಗಳು ದೋಣಿ ಕಣ್ಣೆದುರಿಗೇ ಇತ್ತು. ಅದರ ಸುತ್ತ ತಿರುಗಿದ್ದರು, ಅದರ ಮೇಲೆ ಕೂತು ಫೋನಿನಲ್ಲಿ ಮಾತಾಡಿದ್ದರು. ಟೇಪು ಹಿಡಿದಿರಲಿಲ್ಲ. ಮನೆಗೆ ಫೋನ್ ಮಾಡಿ ಅಳೆಸೋಣವೆಂದರೆ ಆವತ್ತು ಮನೆಯಲ್ಲಿ ಯಾರೂ ಇರಲಿಲ್ಲ. ಬರಿಗೈಯಲ್ಲಿ ಹೊರಟೆವು. ಶಿರಾಡಿ ಘಾಟಿಯಲ್ಲಿ ಲಾರಿ ಕೆಟ್ಟು ನಿಂತು ವಾಹನಗಳ ಸಾಲು ಅಲುಗಾಡದಂತಾಗಿತ್ತು. ಆ ಸಾಲಿನಲ್ಲಿ ಕೂತು ನಾನು ಮುಂದಿನ ಲಾರಿಗಳ ನಂಬರು ಓದುತ್ತಿದ್ದೆ. ಮಾತಾಡಿದರೆ ನಿಲ್ಲಿಸಲು ನನ್ನಿಂದ ಆಗುತ್ತಿರಲಿಲ್ಲ. ಆನೇಮಹಲ್ ದಾಟುವಾಗ ಇವರೇ ಮೆಲ್ಲಗೆ, "ಟೀ ಕುಡಿಯೋಣ್ವಾ?" ಎಂದರು. ಬೇಡ ಎಂದೆ.

ಅವಮಾನವಾಯಿತೋ ಏನೋ, ಇವರು ಆಗ ಆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಒಂದು ದಿನ ಪಿಕಪ್ಪಿನಲ್ಲಿ ಎರಡು ಹಳೇ ಎಂಜಿನ್ನುಗಳು ಬಂದಿಳಿದವು. ಒಂದು ಒಬ್ಬರ ಹತ್ತಿರ, ಇನ್ನೊಂದು ಮತ್ತೊಬ್ಬರ ಹತ್ತಿರ ಸಿಕ್ಕಿದ್ದು. ಒಂದರ ಬಣ್ಣ ಬೂದು, ಇನ್ನೊಂದರದು ನೀಲಿ. ಒಂದು ಹದಿನೈದು ಎಚ್‌ಪಿ, ಇನ್ನೊಂದು ಹತ್ತರ ಆಸುಪಾಸು. ಒಂದರ ಕಾಲು ಉದ್ದ, ಇನ್ನೊಂದರದು ಗಿಡ್ಡ. ನನಗೆ ಎಂಜಿನ್ ಗೊತ್ತಿಲ್ಲದಿದ್ದರೂ ಜೋಡಿ ಎಂದರೆ ಏನೆಂದು ಗೊತ್ತಿತ್ತು.

"ಇವೆರಡೂ ಬೇರೆ ಬೇರೆ ಅಲ್ವೇನ್ರೀ?"

"ಅಡ್ಜಸ್ಟ್ ಮಾಡ್ಕೋಬೋದು ಮಾರಾಯ್ತಿ. ದೊಡ್ಡದನ್ನ ವಸಿ ಕಮ್ಮಿ ಬುಟ್ರಾಯ್ತು."

ಆನೇಮಹಲ್‌ನ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ಪಟ್ಟಿ ಮಾಡಿಸಿ ಗಿಡ್ಡ ಎಂಜಿನ್ನನ್ನು ತಗ್ಗಿಸಿ ಕೂರಿಸಿದರು. ಟ್ರ್ಯಾಕ್ಟರಿನಲ್ಲಿ ದೋಣಿಯನ್ನು ನೀರಿಗಿಳಿಸಿದ ದಿನ ಅಕ್ಕನಿಗೆ ಫೋನ್ ಮಾಡಿ, ಆ ದಡದಿಂದ ನೋಡುತ್ತಿರು ಎಂದಿದ್ದೆ. ಎಂಜಿನ್ನುಗಳು ಶುರುವಾದವು. ಹೊಗೆ ತುಂಬಿತು. ನೀಲಿ ಎಂಜಿನ್ ಅರಚಿಕೊಂಡಿತೇ ಹೊರತು ನೀರು ಹಿಡಿಯಲಿಲ್ಲ. ಬೂದು ಬಣ್ಣದ್ದು ಜೋರಾಗಿ ತಳ್ಳಿತು. ದೋಣಿ ಮುಂದೆ ಹೋಗದೆ ಪಕ್ಕಕ್ಕೆ ತಿರುಗಿತು, ಮತ್ತೆ ತಿರುಗಿತು. ಇವರು ಒಂದರ ಹಿಡಿಯಿಂದ ಇನ್ನೊಂದರ ಹಿಡಿಗೆ ಹಲಗೆಯ ಮೇಲೆ ಓಡಾಡುತ್ತಿದ್ದರು.

ನನ್ನ ಫೋನ್ ಹೊಡೆದುಕೊಂಡಿತು. ಅಕ್ಕ. "ಏನೇ ಅದು, ಗಾಣದ ಎತ್ತಿನಂಗೆ ಅಲ್ಲೇ ಸುತ್ತುತೈತಲ್ಲೇ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದಡಕ್ಕೆ ಬಂದ ಇವರ ಕೈಯೆಲ್ಲ ಎಣ್ಣೆ, ಕಣ್ಣೆಲ್ಲ ಕೆಂಪು. "ಸಾಕು ಬಿಡಿ, ಮಾರ್ಬಿಡಿ ಇದನ್ನ" ಎಂದು ನಾನು ಕೂಗಿದೆ. ದನ ಹೊಡೆದುಕೊಂಡು ಹೋಗುತ್ತಿದ್ದವರು ನಿಂತು ನೋಡಿದರು.

ಮರುದಿನ ಇಬ್ಬರೂ ಕಾರಿನಲ್ಲಿ ಸುತ್ತಿಕೊಂಡು ಅಕ್ಕನ ಮನೆಗೆ ಹೋದೆವು. ದೋಣಿ ಮಾರುವ ವಿಷಯ ಹೇಳಬೇಕಿತ್ತು. ಅಕ್ಕ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರದ ಪಕ್ಕ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಇವರು ಎಚ್‌ಪಿ, ಶಾಫ್ಟ್, ಹೊಗೆ ಎಂದು ಎಲ್ಲ ಹೇಳಿ ಮುಗಿಸಿದ ಮೇಲೆ ಕೇಳಿದಳು.

"ದೋಣಿ ಯಾರಿಗೆ ತಂದಿದ್ದಪ್ಪ?"

"ನಿಮಗೇ ಅಲ್ವಾ ಅಕ್ಕ?"

"ಮತ್ತೆ ನನ್ನ ಒಂದು ಮಾತು ಯಾಕೆ ಕೇಳ್ನಿಲ್ಲ? ಕಾಫಿ ಮೂಟೆ ಹೇರ್ಕೊಂಡು ಹೋದಂಗೆ ನನ್ನ ಹೇರ್ಕೊಂಡು ಹೋಗ್ಬೇಕು ಅಂತಿದ್ರಾ? ಎಲ್ಲಾರೂ ನನ್ನ ಎತ್ತೋರೆ, ಇಳ್ಸೋರೆ. ನಾನೇ ಓಡಿಸ್ತೀನಿ ಅಂದ್ರೆ ಆಗಕಿಲ್ವಾ?"

ಅಕ್ಕ ಓಡಿಸುವ ಮಾತು ನಮ್ಮ ತಲೆಗೇ ಬಂದಿರಲಿಲ್ಲ. ಅವಳು ಕುರ್ಚಿಯ ಬಲಗಾಲಿಯನ್ನು ಮುಂದಕ್ಕೆ ತಳ್ಳಿ, ಎಡಗಾಲಿಯನ್ನು ಹಿಂದಕ್ಕೆಳೆದು ನಿಂತಲ್ಲೇ ಒಂದು ಸುತ್ತು ತಿರುಗಿದಳು.

"ಎರಡು ಎಂಜಿನ್ ಇದ್ಮೇಲೆ ದೋಣಿ ಇಂಗೆ ತಿರುಗಲ್ವಾ? ಅದನ್ನಾದ್ರೂ ಹೇಳು."

ಇವರು "ತಿರುಗ್ತದೆ" ಎಂದರು. "ಎರಡೂ ಒಂದೇ ಥರದ್ದು ಆಗಿರ್ಬೇಕು. ಹಿಂದೆ ಕೂತು ಹಿಡಿ ಹಿಡಿಯೋದಲ್ಲ, ಮುಂದ್ಕೆ ಲಿವರ್ ತರಬೇಕು. ಬಲಗೈಗೊಂದು, ಎಡಗೈಗೊಂದು."

"ಇನ್ನೇನು ಮತ್ತೆ? ಇಪ್ಪತ್ತೈದೂ ಬೇಡ, ಮೂವತ್ತೂ ಬೇಡ. ನಾನೇನು ರೇಸ್‌ಗೆ ಹೋಗ್ತೀನಾ? ಸದ್ದು ಕಮ್ಮಿ ಇರ್ಲಿ. ಪಕ್ಕದಾಗೆ ಕೂತೋರು ಆಡಿದ ಮಾತು ಕೇಳ್ಬೇಕು."

ಕೋಪ ಬಂದದ್ದು ನನಗೆ. ಅಷ್ಟು ತಿಂಗಳ ರಗಳೆ ಅವಳ ಮನೆಯಲ್ಲಿ ಒಂದು ಲೋಟ ಕಾಫಿ ಆರುವಷ್ಟರಲ್ಲಿ ತೀರ್ಮಾನವಾಗಿತ್ತು. ಹತ್ತು ಎಚ್‌ಪಿ ಹತ್ತಿರದ ಎರಡು ಫೋರ್ ಸ್ಟ್ರೋಕ್, ಉದ್ದ ಕಾಲಿನವು, ಲಿವರ್ ಜೋಡಿಸಲು ಬರುವಂಥವು. ಇಷ್ಟೇ.

ತೀರ್ಮಾನವಾದರೆ ಕೆಲಸವಾದಂತೆ ಎಂದುಕೊಂಡದ್ದು ನನ್ನ ದಡ್ಡತನ. ಹಳೆಯವನ್ನು ಮಾರಿ, ಆ ಮೊದಲಿನ ಅಂಗಡಿಗೇ ತಲೆತಗ್ಗಿಸಿಕೊಂಡು ಹೋಗಿ ಹೇಳಿಬಂದೆವು. ಬೇಸಿಗೆಯಲ್ಲಿ ಒಂದು ಎಂಜಿನ್ ಬಂತು. ಇನ್ನೊಂದು ದಾಸ್ತಾನಿಲ್ಲ, ಬರಬೇಕು ಎಂದರು. ಒಂದು ಬಂದಾಗ ನೀರಿರಲಿಲ್ಲ. ಹಿನ್ನೀರು ದೂರ ಸರಿದು, ದೋಣಿ ಬಿರುಕುಬಿಟ್ಟ ಕೆಸರಿನ ಮೇಲೆ ಕೂತಿತ್ತು. ಅದರ ನೆರಳಿನಲ್ಲಿ ಎಮ್ಮೆಗಳು ಮಲಗುತ್ತಿದ್ದವು. ಅಕ್ಕ ದಿನಾ ಫೋನ್ ಮಾಡಿ "ಬಂತಾ?" ಎನ್ನುತ್ತಿದ್ದಳು. ದಿನಾ ಇಲ್ಲ ಎನ್ನಲು ಬೇಸರವಾಗಿ ನಾನು ಕೆಲವು ಸಲ ಫೋನ್ ಎತ್ತಲಿಲ್ಲ.

ಎರಡನೆಯ ಎಂಜಿನ್ ಮಂಗಳೂರಿಗೆ ಬಂದಿದೆ ಎಂಬ ಸುದ್ದಿ ಸಿಕ್ಕಾಗ ಮಳೆ ಹಿಡಿದಿತ್ತು. ಗುಡ್ಡ ಕುಸಿದು ಶಿರಾಡಿ ಬಂದ್. ದಾರಿ ಬಿಡುವವರೆಗೆ ಕಾಯೋಣ ಎಂದು ಇವರು ಅಂದ ಕೂಡಲೇ ನಾನು ಕಾರಿನ ಕೀಲಿ ತೆಗೆದುಕೊಂಡೆ. "ನೀವು ಕಾಯಿರಿ. ನಾನು ಹೋಗ್ತೀನಿ." ಇವರೂ ಹತ್ತಿದರು. ಸುತ್ತುದಾರಿಯ ಬಿಸಿಲೆ ಘಾಟಿಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆಯ ಅಂಚು ಹೇಳುತ್ತಿದ್ದರು, ನಾನು ಓಡಿಸುತ್ತಿದ್ದೆ. ಬರುವಾಗ ಹಿಂದಿನ ಸೀಟು ಮಡಚಿ ಎಂಜಿನ್ ಮಲಗಿಸಿಕೊಂಡು ಬಂದೆವು. ಕಂಬಳಿ ಸುತ್ತಿ, ತಿರುವಿಗೊಮ್ಮೆ ಹಿಂತಿರುಗಿ ನೋಡುತ್ತಾ. ಆ ದಾರಿಯಲ್ಲಿ ಮಾತ್ರ ನಮಗೆ ಜಗಳವಾಡಲು ಪುರಸೊತ್ತಿರಲಿಲ್ಲ.

ಎರಡೂ ಎಂಜಿನ್ ಕೂರಿಸಿ, ಲಿವರ್ ಮುಂದಕ್ಕೆ ತಂದು, ನೀರು ತುಂಬಿ ಮೇಲೆ ಬಂದ ಮೇಲೆ, ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಬೆಳಿಗ್ಗೆ, ಇವರು ದೋಣಿಯನ್ನು ಎದುರು ದಡಕ್ಕೆ ನೇರವಾಗಿ ಓಡಿಸಿಕೊಂಡು ಹೋದರು. ನಾನು ಈ ದಡದಲ್ಲೇ ನಿಂತೆ. ಭಾವ ಮತ್ತು ಇವರು ಕುರ್ಚಿಯನ್ನು ಹಲಗೆಗೆ ಹತ್ತಿಸಿ, ಗಾಲಿಗಳನ್ನು ಕಟ್ಟಿ, ಅಕ್ಕನಿಗೆ ಲೈಫ್ ಜಾಕೆಟ್ ಹಾಕುವುದು ಚುಕ್ಕಿಯಷ್ಟು ಕಾಣಿಸಿತು. ದೋಣಿ ನಿಧಾನ ಹೊರಟಿತು. ನಡುವೆ, ಮುಳುಗಡೆಯ ಹಳೇ ಮರದ ಬೊಡ್ಡೆಗಳಿರುವ ಕಡೆ, ಅದು ನಿಂತುಬಿಟ್ಟಿತು. ನಾನು ನೀರಿನ ಅಂಚಿಗೇ ಇಳಿದೆ. ಸ್ವಲ್ಪ ಹಿಂದೆ ಸರಿಯಿತು, ಅರ್ಧ ಸುತ್ತು ತಿರುಗಿತು, ಬೊಡ್ಡೆಗಳನ್ನು ಬಳಸಿಕೊಂಡು ಮತ್ತೆ ನಮ್ಮ ಕಡೆ ಮುಖ ಮಾಡಿತು. ಹತ್ತಿರ ಬಂದಂತೆ ಎಂಜಿನ್ ಸದ್ದಿಗಿಂತ ಮೊದಲು ಅಕ್ಕನ ದನಿ ಕೇಳಿಸಿತು. "ಸುಮ್ನೆ ಕೂತ್ಕೊಳಪ್ಪ ನೀನು! ನನಗೆ ಕಾಣ್ತೈತೆ!"

ದಡಕ್ಕೆ ತಾಗಿಸಿದಳು. ಎರಡೂ ಲಿವರ್ ಬಿಡದೆ ಹಿಡಿದು ಕೂತಿದ್ದಳು, ಮುಖದಲ್ಲಿ ಬೆವರು. ಆದರೆ ಇಳಿಸಲು ಆಗಲಿಲ್ಲ. ಮಳೆಗೆ ನಮ್ಮ ದಡದ ಮಣ್ಣು ಬೆಣ್ಣೆಯಂತಾಗಿತ್ತು. ಕುರ್ಚಿಗೆ ಹಾಕಿದ ಹಲಗೆ ಜಾರಿತು, ಗಾಲಿ ಹೂತಿತು. ಎತ್ತಿಕೊಂಡು ಹೋಗುತ್ತೇವೆಂದರೆ ಅಕ್ಕ ಒಪ್ಪಲಿಲ್ಲ. ಎಂಜಿನ್ನಿನ ಚಿಂತೆಯಲ್ಲಿ ಇಳಿಯುವ ಜಾಗದ ಬಗ್ಗೆ ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ನನಗೆ ರೋಸಿಹೋಗಿ, ಆ ಕೆಸರಿನಲ್ಲೇ ಕೂತು ಅತ್ತುಬಿಟ್ಟೆ.

"ಅಳ್ಬೇಡ ಕಣೇ, ಕಾಫಿ ತಗಂಬಾ ಇಲ್ಲಿಗೇ" ಎಂದಳು ಅಕ್ಕ.

ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಕಡುಬು ತಂದು ದೋಣಿಯ ಮೇಲೇ ಕೂತೆವು. ಮತ್ತೆ ಹನಿ ಬಿತ್ತು. ಇವರು ಕೊಡೆ ಹಿಡಿದು ನಿಂತರು. ಅಕ್ಕ ನಮ್ಮ ಮನೆಯ ಕಡೆ ಕತ್ತೆತ್ತಿ ನೋಡಿ, ಹೆಂಚು ಬದಲಾಯಿಸಿದ್ದೀರಿ ಎಂದಳು. ಬದಲಾಯಿಸಿ ಎಷ್ಟೋ ವರ್ಷವಾಗಿತ್ತು. ನಾನು ಹೌದು ಎಂದಷ್ಟೇ ಹೇಳಿದೆ. ಮಳೆ ಜೋರಾಗುವ ಮೊದಲೇ ಅವಳು ಹೊರಟಳು.

ಆಮೇಲೆ ಆ ಮಳೆಗಾಲದಲ್ಲಿ ಅವಳು ಕೆಲವು ಸಲ ಬಂದಳು, ಪ್ರತಿ ಸಲವೂ ದೋಣಿಯ ಮೇಲೇ ಕೂತು ಮಾತಾಡಿ ಹೋದಳು. ಇಳಿಯಲು ಸಿಮೆಂಟಿನ ಇಳಿಜಾರು ಕಟ್ಟಬೇಕೋ, ಡ್ರಮ್ಮಿನ ಮೇಲೆ ತೇಲುವ ಹಲಗೆ ಹಾಕಬೇಕೋ ಎಂದು ಇವರು ಈಗ ಮೊಬೈಲಿನಲ್ಲಿ ನೋಡುತ್ತಿದ್ದಾರೆ. ನೀರು ಮೇಲೆ ಕೆಳಗೆ ಆಗುತ್ತದೆ, ಯೋಚಿಸಿ ಮಾಡಬೇಕು ಎನ್ನುತ್ತಾರೆ. ಮೊನ್ನೆ ನಾನು ಟೇಪು ಹಿಡಿದು ದಡಕ್ಕೆ ಹೋಗಿ ಅಳತೆ ತೆಗೆದುಕೊಂಡು ಬಂದೆ. ಗಾರೆಯವರಿಗೆ ಸೋಮವಾರ ಬರಲು ಹೇಳಿದ್ದೇನೆ.