ಗೋಡೆಯೊಳಗಿನ ಫ್ರಿಜ್ಜು ಬಿಸಿಯಾದ ದಿನ

ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತಿದ್ದೆ, ಫೋನು ಬಂತು. ಕೈತುಂಬ ಹಿಟ್ಟು. ಕಿರುಬೆರಳಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಇಜೇರಿಯಿಂದ ನನ್ನ ನೆಗೆಣ್ಣಿ ಶಿವಮ್ಮ. ಮೊದಲು ಬರೀ ಏದುಸಿರು, ಆಮೇಲೆ ಒಮ್ಮೆಲೇ ಚೀರಿದಳು.

"ಅಕ್ಕಾ, ಇವರಿಗೆ ಕೊಡಲಿ ಹಾಕ್ಯಾರ್ರಿ! ಹೊಲದಾಗ, ಬದುವಿನ ಮ್ಯಾಲೆ! ರಕ್ತ ನಿಂದ್ರವಲ್ದು!"

'ಇವರು' ಅಂದರೆ ನನ್ನ ಮೈದುನ ಮಲ್ಕಪ್ಪ. ನಮ್ಮ ಹೊಲಕ್ಕೂ ದಾಯಾದಿ ಸಾಯಬಣ್ಣನ ಹೊಲಕ್ಕೂ ನಡುವೆ ಒಂದು ಬದು ಇದೆ. ತೊಗರಿ ಬಿತ್ತುವ ಹೊತ್ತಿಗೆ ಪ್ರತಿ ವರ್ಷ ಅಲ್ಲಿ ಬಾಯಿಜಗಳ ಆಗುತ್ತಿತ್ತು. ಈ ಸಲ ಸಾಯಬಣ್ಣ ಟ್ರ್ಯಾಕ್ಟರ್ ತಂದು ಬದುವನ್ನೇ ಉತ್ತುಬಿಟ್ಟ. ಮಲ್ಕಪ್ಪ ಅಡ್ಡ ನಿಂತ. ಕೊಡಲಿ ಎಡಭುಜದೊಳಗೆ ಇಳಿಯಿತು. ಈಗ ಜೀಪಿನಲ್ಲಿ ಕಲಬುರಗಿ ದವಾಖಾನೆಗೆ ಒಯ್ಯುತ್ತಿದ್ದಾರೆ. ಕುತ್ತಿಗೆಗೆ ಬೀಳಬೇಕಾದ ಏಟು ಭುಜಕ್ಕೆ ಬಿತ್ತು. ಶಿವನ ದಯೆ ದೊಡ್ಡದು ಎಂದು ಹಿಟ್ಟಿನ ಕೈಯಲ್ಲೇ ಮುಗಿದೆ.

ಅವತ್ತೇ ಬೆಳಿಗ್ಗೆ ನಮ್ಮ ಫ್ರಿಜ್ಜೂ ಕೆಟ್ಟಿತ್ತು. ಆ ಮಾತು ಹೇಳಬೇಕಾದರೆ ಈ ಮನೆಯ ಬಗ್ಗೆ ಮೊದಲು ಹೇಳಬೇಕು.

ನಮ್ಮ ಮನೆಯವರು ನವಿ ಮುಂಬಯಿಯಲ್ಲಿ ಅಡುಗೆಮನೆಯ ಕಪಾಟು ಕೂಡಿಸುವ ಕೆಲಸದಲ್ಲಿದ್ದಾರೆ. ಅವರು ಕೆಲಸ ಮಾಡಿಕೊಟ್ಟ ಒಬ್ಬ ಮಾಲಕರು ಪರದೇಶಕ್ಕೆ ಹೋಗುವಾಗ ತಮ್ಮ ಮನೆ ನೋಡಿಕೊಂಡಿರಲು ನಮಗೆ ಬಿಟ್ಟುಕೊಟ್ಟರು. ಬಂದ ದಿನ ನಾನು ಫ್ರಿಜ್ಜು ಹುಡುಕಿದೆ. ಎಲ್ಲೂ ಇಲ್ಲ. ಬೇಳೆ ಇಡೋಣವೆಂದು ಉದ್ದನೆಯ ಕಪಾಟೊಂದನ್ನು ಎಳೆದರೆ ಒಳಗಿಂದ ದೀಪ ಹತ್ತಿ, ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. "ಯಪ್ಪಾ!" ಎಂದು ಹಿಂದೆ ಹಾರಿದೆ. ನರೋಣಾದ ನನ್ನ ತವರಲ್ಲಿ ಫ್ರಿಜ್ಜು ಪಡಸಾಲೆಯಲ್ಲಿ, ಬಂದವರಿಗೆಲ್ಲ ಕಾಣುವಂತೆ, ಕಸೂತಿಯ ಬಟ್ಟೆ ಹೊದ್ದು ನಿಂತಿದೆ. ಇಲ್ಲಿ ಅದನ್ನು ಮಾನಗೇಡಿನ ಸಾಮಾನಿನಂತೆ ಗೋಡೆಯೊಳಗೆ ಹುಗಿದಿದ್ದಾರೆ.

ಇಲ್ಲಿಯ ಮಳೆಗಾಲದ ಹವೆಗೆ ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ಕಾಕೂ, 'ದಮಟ್' ಅನ್ನುತ್ತಾರೆ. ಒದ್ದೆ ಅನ್ನುವಂತಿಲ್ಲ, ಒಣಗಿದ್ದು ಅನ್ನುವಂತಿಲ್ಲ, ಉಸಿರಿಗೇ ನೀರು ಬೆರೆತಂಥ ಹವೆ. ನಮ್ಮಲ್ಲಿ ಖಡಕ ರೊಟ್ಟಿ ತಿಂಗಳಾದರೂ ಮುರಿದರೆ ಚಟ್ ಅನ್ನುತ್ತದೆ. ಇಲ್ಲಿ ರಾತ್ರಿ ಕಳೆಯುವುದರೊಳಗೆ ಚರ್ಮವಾಗುತ್ತದೆ. ನಾನು ಅತ್ತದ್ದು ಊರು ಬಿಟ್ಟದ್ದಕ್ಕಲ್ಲ, ಮೆತ್ತಗಾದ ರೊಟ್ಟಿಗೆ. ಹೀಗಿರುವಾಗ ಒಂದು ದಿನ ಫ್ರಿಜ್ಜಿನ ಕಪಾಟಿನ ಮೇಲೆ ಕೈಯಾಡಿಸಿದೆ. ಅಲ್ಲೊಂದು ಜಾಲರಿ, ಅದರಿಂದ ಬೆಚ್ಚನೆ ಗಾಳಿ ಬರುತ್ತಿತ್ತು. ಶರಣರೇ ಕೈ ಹಿಡಿದು ತೋರಿಸಿದರು ಅಂದುಕೊಂಡೆ. ಹಳೆ ಧೋತರದಲ್ಲಿ ರೊಟ್ಟಿ ಸುತ್ತಿ, ಗಂಟಿನ ಮೇಲೆ ಗಂಟು ಅಲ್ಲೇ ಒಟ್ಟಿದೆ. ಮಳೆಗಾಲದಲ್ಲೂ ರೊಟ್ಟಿ ಚಟ್ ಅನ್ನತೊಡಗಿತು. ಈ ಶಹರದಲ್ಲಿ ನಾನು ಗೆದ್ದ ಮೊದಲ ಗೆಲುವು ಅದು.

ಸುದ್ದಿ ಬಂದಾಗ ನಮ್ಮವರು ಮನೆಯಲ್ಲೇ ಇದ್ದರು. ಹಳಿಯ ಮೇಲೆ ನೀರು ನಿಂತು ಲೋಕಲ್ ರೈಲು ಬಂದ್ ಆಗಿತ್ತು. ಸ್ವಲ್ಪ ಹೊತ್ತಿಗೆ ಊರಿನ ಯಾರೋ ಫೋನಿಗೆ ವಿಡಿಯೋ ಹಾಕಿದರು. ಎತ್ತಿದ ಕೊಡಲಿ, "ಹಿಡೀರಲೇ, ಹಿಡೀರಿ" ಎಂಬ ಕೂಗು, ಕೆಸರಿಗೆ ಬಿದ್ದ ಮಲ್ಕಪ್ಪ. ಅಷ್ಟೇ. ನಮ್ಮವರು ಅದನ್ನು ಮತ್ತೆ ಮತ್ತೆ ಹಚ್ಚಿದರು. ಪ್ರತಿ ಸಲ ಕೊಡಲಿ ಇಳಿಯಿತು, ಪ್ರತಿ ಸಲ ತಮ್ಮ ಬಿದ್ದ.

ಹೊಡೆದಾಟ ಇಲ್ಲಿಯೂ ಕಂಡಿದ್ದೇನೆ. ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಕೂಡುವ ಜಾಗಕ್ಕಾಗಿ ಒಬ್ಬಳು ಇನ್ನೊಬ್ಬಳ ಜಡೆ ಸುತ್ತಿ ಎಳೆದು ಕೆನ್ನೆಗೆ ರಕ್ತ ಬರುವ ಹಾಗೆ ಉಗುರು ಹಾಕಿದಳು. ಮುಂದಿನ ಸ್ಟೇಷನ್ನಿಗೆ ಇಬ್ಬರೂ ಇಳಿದು ಜನದಲ್ಲಿ ಕರಗಿಹೋದರು. ಯಾರು ಯಾರಿಗೆ ಹೊಡೆದರೆಂದು ಅವರಿಗೂ ಗೊತ್ತಿಲ್ಲ. ನಮ್ಮಲ್ಲಿ ಹೊಡೆದವನ ಹೆಸರು ಗೊತ್ತು, ಅವನಪ್ಪನ ಹೆಸರು ಗೊತ್ತು, ಅವನ ಮದುವೆಯಲ್ಲಿ ನಾವೇ ನಿಂತು ಬಡಿಸಿರುತ್ತೇವೆ. ಅದಕ್ಕೇ ಅಲ್ಲಿಯ ಸಿಟ್ಟು ಸ್ಟೇಷನ್ನಿಗೆ ಇಳಿದು ಹೋಗುವುದಿಲ್ಲ. ಮಾವನವರ ಕಾಲದಲ್ಲಿ ಇದೇ ಬದುವಿನ ಮೇಲೆ ಸಾಯಬಣ್ಣನ ತಂದೆಯ ಹಲ್ಲು ಉದುರಿದ್ದವು.

ನಮ್ಮವರು ಎದ್ದು ಚೀಲ ತುಂಬತೊಡಗಿದರು. ಅಂಗಿ, ಟವೆಲು, ಅದರ ಕೆಳಗೆ ಕೆಲಸದ ಪೆಟ್ಟಿಗೆಯಿಂದ ತೆಗೆದ ಅಗಲವಾದ ಉಳಿ.

"ಸಂಜಿ ಬಸ್ಸಿಗೆ ಹೋಗ್ತೇನಿ," ಅಂದರು.

"ಉಳಿ ಯಾಕ್ರಿ?"

"ಊರಾಗ ಕೆಲಸ ಅದ."

"ಯಾರ ಮನ್ಯಾಗ ಕಪಾಟ ಕೂಡ್ಸಾಕ ಹೊಂಟೀರಿ?"

"ಸಾಯಬಣ್ಣನ ಎದ್ಯಾಗ."

 ಅವರು ನೀರಿಗೆಂದು ಫ್ರಿಜ್ಜು ತೆಗೆದರು. ಬಾಟಲಿ ಬೆಚ್ಚಗಿತ್ತು, ಒಡೆದ ಹಾಲಿನ ನಾತ ಹೊಡೆಯಿತು. "ಇದರ ಹೆಣಾ ಎತ್ತ!" ಎಂದು ಬಾಗಿಲು ಬೀಸಿ ಬಡಿದರು. ಕಪಾಟಿನ ಬಾಗಿಲ ಕೀಲು ಕಿತ್ತಿತು. ಒಳಗಿನ ಗಾಜಿನ ಹಲಗೆ ಜಾರಿ ಬಿದ್ದು ಚೂರುಚೂರಾಯಿತು. ಒದ್ದರು, ಗುದ್ದಿದರು, ಒಡೆದ ಗಾಜಿಗೇ ಕೈ ಕೊಟ್ಟರು. ಎಡ ಅಂಗೈ ಸೀಳಿತು. ಇಷ್ಟು ಸಪ್ಪಳಕ್ಕೆ ಇಜೇರಿಯಲ್ಲಾದರೆ ಓಣಿಯೇ ಒಳಗೆ ನುಗ್ಗುತ್ತಿತ್ತು. ಇಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ.

ಅರಿಷಿಣ ಒತ್ತಿ, ಬಟ್ಟೆ ಕಟ್ಟಿದೆ. "ಲಿಂಗ ಹಿಡಿಯೋ ಕೈರಿ ಇದು," ಅಂದೆ. 

ಫ್ರಿಜ್ಜಿನೊಳಗಿಂದ ಇನ್ನೂ ಸಪ್ಪಳ ಬರುತ್ತಿತ್ತು. ಗುರ್ ಅಂದು, ಟಕ್ ಅಂದು ನಿಲ್ಲುವುದು. ರಿಪೇರಿಯವನು ಮಳೆ ನಿಲ್ಲುವ ತನಕ ಬರುವುದಿಲ್ಲವೆಂದು ಬೆಳಿಗ್ಗೆಯೇ ಹೇಳಿದ್ದ.

"ಬಸ್ಸು ಸಂಜಿಗದ. ಅಲ್ಲೀತನ ಆ ವಿಡಿಯೋನೇ ನೋಡ್ಕೋತ ಕೂಡ್ತೀರೇನು?" ಅಂದೆ. "ಮಂದಿ ಮನಿ ಸಾಮಾನು ಕೆಡಿಸಿ ನೀವು ಹೋಗ್ರಿ. ಆಮ್ಯಾಲೆ ಒಬ್ಬಾಕಿ ನಾ ಏನ್ ಉತ್ತರಾ ಕೊಡ್ಲಿ?"

"ಬಾಯಿ ಮುಚ್ಚು," ಅಂದರು. ಆದರೆ ಫ್ರಿಜ್ಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

ಒಳಗಿನ ದೀಪ ಹತ್ತುತ್ತಿತ್ತು, ಅಂದರೆ ಕರೆಂಟಿನ ದೋಷವಲ್ಲ. ಥಂಡಿಯ ಗುಂಡಿ ಸರಿಯಿತ್ತು. ಒಳಬಾಗಿಲ ರಬ್ಬರಿಗೆ ಕಾಗದ ಸಿಗಿಸಿ ಮುಚ್ಚಿ ಎಳೆದರು. ಬಿಗಿಯಾಗಿ ಹಿಡಿದಿತ್ತು, ಅಂದರೆ ಗಾಳಿ ಸೋರುತ್ತಿಲ್ಲ. ಬದಿಗೆ ಕೈ ಇಟ್ಟವರು ಸರಕ್ಕನೆ ಹಿಂದೆಳೆದರು. ಒಲೆಯ ಮೇಲಿನ ಹಂಚಿನಂತೆ ಕಾದಿತ್ತು.

"ಇದಕ್ಕ ಉಸಿರು ಕಟ್ಟೇದ," ಅಂದರು. "ಹೊರಗ ತೆಗೀಬೇಕು."

ಮೊದಲು ಪ್ಲಗ್ಗು ಕೀಳಿಸಿದೆ. ಸ್ಕ್ರೂ ಬಿಚ್ಚಿದರು. ಆದರೆ ಪಕ್ಕದ ಹಲಗೆ ದಮಟಿಗೆ ಉಬ್ಬಿ ಫ್ರಿಜ್ಜನ್ನು ಕಚ್ಚಿಕೊಂಡಿತ್ತು. ಪಾನಾ, ಸ್ಕ್ರೂಡ್ರೈವರು ಯಾವುದೂ ಒಳಗೆ ಹೋಗಲಿಲ್ಲ. ಪೆಟ್ಟಿಗೆಯಲ್ಲಿ ಕೈಯಾಡಿಸಿದರು, ಏನನ್ನೋ ಹುಡುಕಿದರು, ತಲೆಯೆತ್ತಿ ಚೀಲದ ಕಡೆ ನೋಡಿದರು. ನಾನು ಗಾಜು ಬಳಿಯುತ್ತ ನೆಲವನ್ನೇ ನೋಡಿದೆ. ಅವರು ಎದ್ದುಹೋಗಿ ಚೀಲದ ಜಿಪ್ಪು ಎಳೆದ ಸಪ್ಪಳ ಕೇಳಿತು.

ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದರು. ಹಲಗೆಯ ಸಿಬಿರು ನನ್ನ ಮುಖದ ತನಕ ಹಾರಿತು. ಕಟ್ಟಿದ ಬಟ್ಟೆ ಮತ್ತೆ ಕೆಂಪಾಯಿತು. ಒಂದೊಂದು ಏಟಿಗೂ ಹಲ್ಲು ಕಡಿದು ಒಂದೇ ಹೆಸರು ಹೇಳುತ್ತಿದ್ದರು. ತಡೆಯಲಿಲ್ಲ. ಹಲಗೆಗೆ ತಾನೇ ಬೀಳುತ್ತಿದೆ, ಬೀಳಲಿ ಎಂದು ಶಿವನಾಮ ಹೇಳಿಕೊಂಡೆ.

ಹಲಗೆ ಬಿಟ್ಟಿತು. ಇಬ್ಬರೂ ಸೇರಿ ಫ್ರಿಜ್ಜು ಎಳೆದೆವು. ಹಿಂದಿನ ಕರಿ ಜಾಲರಿಗೆ ಧೂಳು ಕಂಬಳಿಯಂತೆ ಹೊದ್ದಿತ್ತು. ಅವರು ಮೇಲೆ ನೋಡಿದರು. ಬಿಸಿಗಾಳಿ ಹೊರಡುವ ಗಂಡಿಗೆ ನನ್ನ ರೊಟ್ಟಿಯ ಗಂಟುಗಳು ಬಿರಡೆಯ ಹಾಗೆ ಬಡಿದುಕೊಂಡಿದ್ದವು.

"ಯಾರ್ ಇಟ್ಟಾರ ಇವನ್ನ?"

"ಮತ್ಯಾರು ಇಡ್ತಾರ? ನಾನೇ."

ಒಂದು ಗಂಟು ಬಿಚ್ಚಿ ರೊಟ್ಟಿ ಮುರಿದರು. ಚಟ್! ನನ್ನ ಮುಖ ನೋಡಿದರು.

"ರೊಟ್ಟಿ ಬರೋಬ್ಬರಿ ಖಡಕ್ ಆಗ್ಯಾವ ಬಿಡು. ಫ್ರಿಜ್ಜು ಸತ್ತರ ಸಾಯಲಿ."

ನಗಲಿಲ್ಲ, ಆದರೆ ಮುರಿದದ್ದನ್ನು ಬಾಯಿಗೆ ಹಾಕಿಕೊಂಡರು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಬ್ರಶ್ಶಿನಿಂದ ಧೂಳು ಉಜ್ಜಿ ತೆಗೆದು, ಯಂತ್ರ ಆರಲೆಂದು ಬಿಟ್ಟೆವು. ಆಗ ಶಿವಮ್ಮನ ಫೋನು. ಹೊಲಿಗೆ ಹಾಕಿದ್ದಾರೆ, ಮಲ್ಕಪ್ಪ ಕಣ್ಣು ಬಿಟ್ಟಿದ್ದಾನೆ. "ಇಲ್ಲಿ ಬ್ರೆಡ್ ಕೊಟ್ರ ಉಗಳಿಬಿಟ್ರು ಭಾವಾ. ಅಕ್ಕನ ಕೈಯಾಗಿನ ರೊಟ್ಟಿ ತಾ ಅನ್ನಾಕತ್ಯಾರ." ನಮ್ಮವರು ಫೋನು ಹಿಡಿದೇ ಗೋಡೆಗೆ ಹಣೆ ಹಚ್ಚಿ ನಿಂತರು. ಬೆನ್ನು ಅಲುಗಾಡುತ್ತಿತ್ತು.

ಪ್ಲಗ್ಗು ಹಾಕಿದೆವು. ಟಕ್ ಅನ್ನಲಿಲ್ಲ. ಗುರ್ ಅಂದದ್ದು ಗುರ್ ಅಂತಲೇ ನಡೆಯಿತು.

ಸಂಜೆ ರೊಟ್ಟಿಯ ಗಂಟುಗಳನ್ನು ಚೀಲಕ್ಕೆ ತುಂಬಿದೆ. ಅವರ ಹಣೆಗೆ ವಿಭೂತಿ ಹಚ್ಚಿದೆ. ಉಳಿ ಫ್ರಿಜ್ಜಿನ ಮುಂದೆ ನೆಲದ ಮೇಲೆ ಬಿದ್ದಿತ್ತು. ಅವರೂ ನೋಡಿದರು, ನಾನೂ ನೋಡಿದೆ.

"ಸಾಯಬಣ್ಣನ್ನ ಬಿಟ್ಟೀನಂತ ತಿಳೀಬ್ಯಾಡ. ಕೇಸು ಹಾಕ್ತೇನಿ," ಅಂದು, ಉಳಿಯನ್ನು ದಾಟಿ ಹೋದರು.

ಊರಲ್ಲಿ ಕೊಡಲಿಗಳಿಗೇನು ಕಡಿಮೆಯಿಲ್ಲ, ನನಗೆ ಗೊತ್ತು. ಉಳಿ ಒರೆಸಿ ಪೆಟ್ಟಿಗೆಗೆ ಹಾಕಿದ ಮೇಲೂ ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ನಮ್ಮವರ ಫೋನು ಬಂತು.

"ಇಜೇರಿಗೆ ಹೋಗಿಲ್ಲ. ದವಾಖಾನ್ಯಾಗ ತಮ್ಮನ ಕಡಿ ಕುಂತೀನಿ. ಕೇಳು."

ಆಚೆಯಿಂದ ಚಟ್ ಎಂಬ ಸಪ್ಪಳ ಕೇಳಿಸಿತು. ಇದಕ್ಕಿಂತ ದೊಡ್ಡದನ್ನು ನಾನು ಶಿವನಲ್ಲಿ ಬೇಡಿದವಳಲ್ಲ.

ಬಾಗಿಲಲ್ಲಿ ಕಾಕೂ ಕೇಳಿದರು, "ಗಾವಾಲಾ ಗೇಲೇ ಕಾ?" ಊರಿಗೆ ಹೋದರೇ ಎಂದು. ಹೌದೆಂದೆ. ಊರು ಎಂದರೆ ಕೊಡಲಿ ಬಿದ್ದ ಹೊಲವೂ ಹೌದು, ರಕ್ತ ಸುರಿಯುವವನನ್ನು ಹೊತ್ತು ಓಡಿದ ಜನವೂ ಹೌದು. ಇಲ್ಲಿ ಎರಡೂ ಇಲ್ಲ. ನಾನು ಎಲ್ಲಿಯವಳು ಎಂದು ಕಾಕೂ ಕೇಳಲಿಲ್ಲ, ಪುಣ್ಯ.

ತವರಿಂದ ತಂದ ಹೆಪ್ಪು ಫ್ರಿಜ್ಜಿನಲ್ಲಿತ್ತು. ಮೂಸಿದೆ. ಹುಳಿ ಏರಿತ್ತು, ಕೆಟ್ಟಿರಲಿಲ್ಲ. ಇಲ್ಲಿಯ ಹಾಲು ಕಾಯಿಸಿ, ಬೆರಳು ಅದ್ದಿ ಉಗುರುಬೆಚ್ಚಗಾಗಿದೆಯೆಂದು ನೋಡಿ, ನರೋಣಾದ ಹೆಪ್ಪು ಒಂದು ಚಮಚ ಹಾಕಿ ಮುಚ್ಚಿಟ್ಟೆ.